ಮೆಟ್ಟು: ಕಿನ್ನರಿಯಿಂದ ಮರುತಯಾರಿ ಗಿಟಾರಿನವರೆಗೆ

ಮೆಟ್ಟು ಎಂದರೆ ತಂತಿವಾದ್ಯದ ಕೊರಳಿಗೆ ಅಡ್ಡಲಾಗಿ ಕೂರಿಸಿದ ಪಟ್ಟಿ. ಬೆರಳು ಒತ್ತಿದ ತಂತಿ ಈ ಪಟ್ಟಿಯ ನೆತ್ತಿಗೆ ತಾಗುತ್ತದೆ, ಮಿಡಿಯುವ ಉದ್ದ ಅಲ್ಲಿಗೆ ನಿಲ್ಲುತ್ತದೆ, ಒಂದು ಸ್ವರ ಹುಟ್ಟುತ್ತದೆ. ವೀಣೆಯವರು ಇದನ್ನು ಮೆಟ್ಟು, ಮೆಟ್ಟಿಲು ಎನ್ನುತ್ತಾರೆ; ಸಿತಾರದವರು ಪಡದಾ ಎನ್ನುತ್ತಾರೆ; ಗಿಟಾರಿನವರಿಗೆ ಅದು ಫ್ರೆಟ್. ಮೆಟ್ಟಿನ ಸ್ಥಾನ ಸ್ವರವನ್ನು ನಿರ್ಧರಿಸುತ್ತದೆ; ಆ ಸ್ವರ ಕೈಗೆ ಹೇಗೆ ಒದಗುತ್ತದೆ ಎಂಬುದನ್ನು ಮೆಟ್ಟಿನ ಗಾತ್ರ, ಅಂದರೆ ಅದರ ಎತ್ತರ, ಅಗಲ ಮತ್ತು ನೆತ್ತಿಯ ದುಂಡು ನಿರ್ಧರಿಸುತ್ತದೆ. ಸ್ಥಾನದ ಬಗ್ಗೆ ಶಾಸ್ತ್ರಗ್ರಂಥಗಳು ಬಹಳಷ್ಟು ಬರೆದಿವೆ. ಗಾತ್ರದ ಬಗ್ಗೆ ಬರೆದದ್ದು ಕಡಿಮೆ. ವಾದ್ಯ ಕಟ್ಟುವವರ ಮತ್ತು ನುಡಿಸುವವರ ಕೈಯಲ್ಲೇ ಉಳಿದ ಆ ವಿಷಯವೇ ಈ ಲೇಖನದ ವಸ್ತು.

ಗಡಿಸೀಮೆಯ ತಂತಿವಾದ್ಯಗಳು

ಸೊಲ್ಲಾಪುರ, ಅಕ್ಕಲಕೋಟ, ಮಂಗಳವೇಢೆಗಳ ಕನ್ನಡ–ಮರಾಠಿ ಸೀಮೆಯಲ್ಲಿ ಜನಸಾಮಾನ್ಯರ ತಂತಿವಾದ್ಯಗಳಿಗೆ ಮೆಟ್ಟೇ ಇಲ್ಲ. ತತ್ವಪದದವರ ಏಕತಾರಿ, ತಂಬೂರಿ, ವಾರಕರಿಗಳ ವೀಣೆ ಇವೆಲ್ಲ ಶ್ರುತಿ ಹಿಡಿಯುವ ವಾದ್ಯಗಳು. ಅಖಂಡ ಸಪ್ತಾಹದಲ್ಲಿ ವಾರಕರಿಗಳು ವೀಣೆಯನ್ನು ನೆಲಕ್ಕಿಡುವುದಿಲ್ಲ. ಹಗಲು ರಾತ್ರಿ ಒಬ್ಬರ ಕೊರಳಿನಿಂದ ಇನ್ನೊಬ್ಬರ ಕೊರಳಿಗೆ ಅದು ದಾಟುತ್ತಲೇ ಇರುತ್ತದೆ. ಆ ತಂತಿಯನ್ನು ಯಾರೂ ಒತ್ತುವುದಿಲ್ಲ, ಬರೀ ಮೀಟುತ್ತಾರೆ. ಸ್ವರದ ಕೆಲಸವೆಲ್ಲ ಹಾಡುವವರ ಗಂಟಲಿನದು.

ಮೆಟ್ಟಿನ ವಾದ್ಯವೂ ಈ ನೆಲಕ್ಕೆ ಹೊಸದಲ್ಲ. 12ನೆಯ ಶತಮಾನದಲ್ಲಿ ಸೊನ್ನಲಿಗೆಯ (ಇಂದಿನ ಸೊಲ್ಲಾಪುರ) ಸಿದ್ಧರಾಮನ ಕಾಲದಲ್ಲೇ ಕಲ್ಯಾಣದಲ್ಲಿ ಕಿನ್ನರಿ ಬೊಮ್ಮಯ್ಯನೆಂಬ ಶರಣನಿದ್ದ. ಅವನ ಹೆಸರಿಗೇ ಅಂಟಿಕೊಂಡ ಕಿನ್ನರಿ ಮೆಟ್ಟುಗಳಿದ್ದ ವೀಣೆ. ಮುಂದಿನ ಶತಮಾನದಲ್ಲಿ ಈ ಸೀಮೆಯನ್ನು ಆಳುತ್ತಿದ್ದವರು ದೇವಗಿರಿಯ ಸೇವುಣರು. ಅವರ ದೊರೆ ಸಿಂಘಣನ ಆಶ್ರಯದಲ್ಲಿ ಶಾರ್ಙ್ಗದೇವ ಬರೆದ ‘ಸಂಗೀತ ರತ್ನಾಕರ’ದಲ್ಲಿ ಕಿನ್ನರಿಯ ವಿವರ ಬರುತ್ತದೆ. ಮೆಟ್ಟುಗಳನ್ನು ಮೇಣದಿಂದ ದಂಡಿಗೆಗೆ ಅಂಟಿಸುವ ಪದ್ಧತಿ ಆಗಲೇ ಇತ್ತು. ಇದೇ ಕುಲದ ಕಿನ್ನೆರ ಪಕ್ಕದ ತೆಲಂಗಾಣದಲ್ಲಿ ಇಂದಿಗೂ ಬದುಕಿದೆ. ಹನ್ನೆರಡು ಮೆಟ್ಟಿನ ಕಿನ್ನೆರ ನುಡಿಸುವ ದರ್ಶನಂ ಮೊಗಿಲಯ್ಯನವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ಇಂದು ಸೊಲ್ಲಾಪುರ ಜಿಲ್ಲೆಗೂ ಮೆಟ್ಟಿನ ವಾದ್ಯಕ್ಕೂ ಇರುವ ದೊಡ್ಡ ನಂಟು ಹೊಲದ್ದು. ಪಂಢರಪುರ, ಮಂಗಳವೇಢೆಗಳ ಸುತ್ತ ಬೆಳೆಯುವ ದೊಡ್ಡ ಕಹಿಸೋರೆ ಬುರುಡೆಗಳು ಮಿರಜಿಗೆ ಹೋಗಿ ಸಿತಾರ, ತಾನಪುರಗಳ ಹೊಟ್ಟೆಯಾಗುತ್ತವೆ. ಮಿರಜಿನಲ್ಲಿ ಈ ಕಸುಬನ್ನು 19ನೆಯ ಶತಮಾನದ ನಡುವಿನಲ್ಲಿ ಹಿಡಿದವರು ಶಿಕಲಗಾರರು. ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಮನೆತನ ತಂತಿವಾದ್ಯಕ್ಕೆ ಬಂದದ್ದರಿಂದ ಲೋಹ ಕೊರೆಯುವ, ಉಜ್ಜುವ, ಹೊಳಪಿಡುವ ಕೈ ಮೊದಲಿನಿಂದಲೂ ಅಲ್ಲಿತ್ತು. ಮಿರಜಿನ ಸಿತಾರ ಮತ್ತು ತಾನಪುರಗಳಿಗೆ 2024ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ದೊರೆಯಿತು. ಬುರುಡೆ ಬೆಳೆದ ರೈತನ ಹೆಸರು ವಾದ್ಯದ ಮೇಲೆ ಇರುವುದಿಲ್ಲ. ಆದರೆ ಒಳ್ಳೆಯ ಬುರುಡೆಯಿಲ್ಲದೆ ಒಳ್ಳೆಯ ಸಿತಾರವಿಲ್ಲ ಎಂಬುದನ್ನು ಕಟ್ಟುವವರೆಲ್ಲ ಒಪ್ಪುತ್ತಾರೆ.

ವೀಣೆ, ಸಿತಾರ, ಬೆಂಜೊ

ಕರ್ನಾಟಕ ಸಂಗೀತದ ವೀಣೆಗೆ 24 ಮೆಟ್ಟು. ಈ ಸಂಖ್ಯೆಯನ್ನು ಸ್ಥಿರಗೊಳಿಸಿದ ಕೀರ್ತಿಯನ್ನು ಪರಂಪರೆ 17ನೆಯ ಶತಮಾನದ ತಂಜಾವೂರಿನ ರಘುನಾಥ ನಾಯಕನಿಗೆ ಕೊಡುತ್ತದೆ. ಅದಕ್ಕೂ ಮೊದಲು, 1550ರಲ್ಲಿ, ವಿಜಯನಗರದ ರಾಮಾಮಾತ್ಯ ತನ್ನ ‘ಸ್ವರಮೇಳಕಲಾನಿಧಿ’ಯಲ್ಲಿ ವೀಣೆಯ ಮೆಟ್ಟುಗಳ ಮೇಲೆಯೇ ಸ್ವರಸ್ಥಾನಗಳನ್ನು ಗೊತ್ತುಮಾಡಿ ತೋರಿಸಿದ್ದ. ವೀಣೆಯಲ್ಲಿ ದಂಡಿಗೆಯ ಎರಡೂ ಅಂಚಿನಲ್ಲಿ ಕಪ್ಪು ಮೇಣದ ದಿಂಡು ಕಟ್ಟಿ, ಹಿತ್ತಾಳೆಯ ಇಲ್ಲವೇ ಕಂಚಿನ ಮೆಟ್ಟುಗಳನ್ನು ಅದರ ಮೇಲೆ ಕೂರಿಸುತ್ತಾರೆ. ನಡುವೆ ಟೊಳ್ಳು. ತಂತಿ ಎಷ್ಟೇ ಒತ್ತಿದರೂ ಕಟ್ಟಿಗೆಗೆ ತಾಗುವುದಿಲ್ಲ. ಹಾಗಾಗಿ ಬೆರಳಿನ ಒತ್ತಡ ಹೆಚ್ಚಿದಷ್ಟೂ ಸ್ವರ ತುಸು ಮೇಲೇರುತ್ತದೆ. ತಂತಿಯನ್ನು ಪಕ್ಕಕ್ಕೆ ಎಳೆದರೆ ಒಂದೇ ಮೆಟ್ಟಿನ ಮೇಲೆ ಹಲವು ಸ್ವರ ಸಿಗುತ್ತವೆ. ವೀಣೆ ಶೇಷಣ್ಣನವರಿಂದ (1852–1926) ದೊರೆಸ್ವಾಮಿ ಅಯ್ಯಂಗಾರರವರೆಗೆ (1920–1997) ಮೈಸೂರು ಬಾನಿಯ ಗಮಕ ನಿಂತಿರುವುದು ಈ ಎತ್ತರದ ಮೇಲೆ.

ಸಿತಾರದ್ದು ಬೇರೆಯೇ ಉಪಾಯ. ಅಲ್ಲಿ ಮೆಟ್ಟು ಕಮಾನಿನಂತೆ ಬಾಗಿದ ಲೋಹದ ಕಂಬಿ. ಮೇಣವೂ ಇಲ್ಲ, ಮೊಳೆಯೂ ಇಲ್ಲ. ಕಂಬಿಯ ಎರಡು ತುದಿಗಳಲ್ಲಿ ಕೊರೆದ ಕಚ್ಚಿಗೆ ದಾರ ಸಿಕ್ಕಿಸಿ, ದಂಡಿಯ ಬೆನ್ನಿನ ಮೇಲೆ ಹಲವು ಸುತ್ತು ತಂದು ಬಿಗಿದು ಗಂಟು ಹಾಕುತ್ತಾರೆ. ಗಂಟು ಬಿಗಿಯಾಗಿದ್ದರೂ ಹೆಬ್ಬೆರಳಿನಿಂದ ಒತ್ತಿ ಜರುಗಿಸಿದರೆ ಪಡದಾ ಕೂದಲೆಳೆಯಷ್ಟು ಸರಿಯುತ್ತದೆ. ರಾಗ ಬದಲಾದಾಗ ಕೋಮಲ ಗಾಂಧಾರವನ್ನೋ ತೀವ್ರ ಮಧ್ಯಮವನ್ನೋ ಹೀಗೇ ಸರಿಮಾಡಿಕೊಳ್ಳುವುದು. ಸಾಮಾನ್ಯವಾಗಿ 19 ಅಥವಾ 20 ಪಡದಾಗಳು. ಅವುಗಳ ಕಮಾನಿನ ಕೆಳಗೆ ತರಬಿನ, ಅಂದರೆ ಜೊತೆಗೆ ತಾವಾಗಿ ಮಿಡಿಯುವ, ತಂತಿಗಳು ಹಾದುಹೋಗುತ್ತವೆ ಎಂದರೆ ಎತ್ತರ ಎಷ್ಟಿರಬೇಕು ಎಂಬುದನ್ನು ಊಹಿಸಬಹುದು. ಇಷ್ಟು ಎತ್ತರ ಇರುವುದರಿಂದಲೇ ಒಂದೇ ಪಡದಾದ ಮೇಲೆ ನಾಲ್ಕೈದು ಸ್ವರಗಳಷ್ಟು ದೂರದ ಮೀಂಡ, ಅಂದರೆ ತಂತಿಯ ಎಳೆತ, ಸಾಧ್ಯವಾಗುತ್ತದೆ. ಬಂದೇ ಅಲಿ ಖಾನರ ಶಿಷ್ಯ ರಹಿಮತ್ ಖಾನರು ಈ ವಾದ್ಯವನ್ನು ಧಾರವಾಡದಲ್ಲಿ ನೆಲೆಗೊಳಿಸಿದರು. ಅವರ ಮೊಮ್ಮಗ ಬಾಲೇಖಾನರವರೆಗೂ ಗಾಯಕಿ ಅಂಗ, ಅಂದರೆ ಹಾಡಿನ ಧಾಟಿಯ ವಾದನ, ಮುಂದುವರಿಯಿತು.

ಮಹಾರಾಷ್ಟ್ರದ ಗಣಪತಿ ಮೆರವಣಿಗೆಗಳಲ್ಲಿ ಕೇಳಿಬರುವ ಬೆಂಜೊ ಈ ಎರಡಕ್ಕೂ ತದ್ವಿರುದ್ಧ. ಅಮೆರಿಕದ ಬ್ಯಾಂಜೊಗೂ ಇದಕ್ಕೂ ಸಂಬಂಧವಿಲ್ಲ. ಇದು ಬುಲ್‌ಬುಲ್ ತರಂಗದ ರೂಪ, ಅದರ ಮೂಲ 1912ರ ಸುಮಾರಿಗೆ ಜಪಾನಿನ ನಗೋಯಾದಲ್ಲಿ ಹುಟ್ಟಿದ ತೈಶೋಗೊತೊ. ಟೈಪ್‌ರೈಟರಿನಲ್ಲಿರುವಂಥ ಗುಂಡಿ ಒತ್ತಿದರೆ ಲೋಹದ ಪಟ್ಟಿ ಬಂದು ತಂತಿಯ ಮೇಲೆ ಕೂರುತ್ತದೆ. ಪಿಕಪ್ ಹಚ್ಚಿ ಆಂಪ್ಲಿಫೈಯರಿಗೆ ಕೊಟ್ಟರೆ ಬೀದಿಯೆಲ್ಲ ತುಂಬುವ ದನಿ. 2016ರಲ್ಲಿ ‘ಬ್ಯಾಂಜೊ’ ಹೆಸರಿನ ಹಿಂದಿ ಚಿತ್ರವೇ ಬಂತು. ಈ ವಾದ್ಯದಲ್ಲಿ ಬೆರಳಿಗೂ ತಂತಿಗೂ ಭೇಟಿಯೇ ಇಲ್ಲ. ವೇಗ ಅಪಾರ, ಆದರೆ ಎಳೆತಕ್ಕೆ ಅವಕಾಶವಿಲ್ಲ. ಮೆಟ್ಟಿನ ಗಾತ್ರದ ಪ್ರಶ್ನೆಯೂ ಅಲ್ಲಿಗೆ ಮುಗಿಯಿತು.

ವಿದ್ಯುತ್ ಗಿಟಾರಿನ ಫ್ರೆಟ್

ಗಿಟಾರಿನ ಫ್ರೆಟ್ ಅನ್ನು ಅಂಟಿಸುವುದಿಲ್ಲ, ಕಟ್ಟುವುದೂ ಇಲ್ಲ; ಹೊಡೆದು ಇಳಿಸುತ್ತಾರೆ. ಕತ್ತರಿಸಿ ನೋಡಿದರೆ ಕಂಬಿ ಅಣಬೆಯ ಆಕಾರದಲ್ಲಿರುತ್ತದೆ: ಮೇಲೆ ದುಂಡು ನೆತ್ತಿ, ಕೆಳಗೆ ಮುಳ್ಳುಗಳುಳ್ಳ ತೆಳು ಕಾಲು. ಬೆರಳುಹಲಗೆಯಲ್ಲಿ ಗರಗಸದಿಂದ ಕೊರೆದ ಸೀಳಿಗೆ ಆ ಕಾಲು ಇಳಿದರೆ ಮುಳ್ಳುಗಳು ಕಟ್ಟಿಗೆಯನ್ನು ಕಚ್ಚಿ ಹಿಡಿಯುತ್ತವೆ. ಹೆಚ್ಚಾಗಿ ಬಳಸುವುದು ನಿಕಲ್ ಸಿಲ್ವರ್ ಎಂಬ ಮಿಶ್ರಲೋಹ. ಅದರಲ್ಲಿರುವುದು ತಾಮ್ರ, ಸತು ಮತ್ತು ಸುಮಾರು 18% ನಿಕಲ್, ಬೆಳ್ಳಿ ಇಲ್ಲ. ಈಚೆಗೆ ಸ್ಟೇನ್‌ಲೆಸ್ ಸ್ಟೀಲ್ ಕೂಡ ಚಾಲ್ತಿಗೆ ಬಂದಿದೆ. ಅದು ಬೇಗ ಸವೆಯುವುದಿಲ್ಲ, ತಂತಿ ಅದರ ಮೇಲೆ ನುಣುಪಾಗಿ ಜಾರುತ್ತದೆ. ಆದರೆ ರಿಪೇರಿಯವನ ಅರವನ್ನು ಬೇಗ ತಿನ್ನುತ್ತದೆ.

ಫ್ರೆಟ್‌ಗಳ ನಡುವಿನ ಅಂತರಕ್ಕೆ ಲೆಕ್ಕವಿದೆ. ಉಳಿದ ತಂತಿಯ ಉದ್ದವನ್ನು ಪ್ರತಿ ಸಲವೂ 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್‌ನ ದೂರ ಸಿಗುತ್ತದೆ. ಫೆಂಡರ್ ಕಂಪನಿಯ 648 ಮಿ.ಮೀ. ತಂತಿಯುದ್ದದ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಮೊದಲ ಫ್ರೆಟ್ 36.4 ಮಿ.ಮೀ. ದೂರದಲ್ಲಿ ಬರುತ್ತದೆ, 20 ಮತ್ತು 21ನೆಯ ಫ್ರೆಟ್‌ಗಳ ನಡುವೆ ಉಳಿಯುವುದು ಬರೀ 11.5 ಮಿ.ಮೀ. ಇಲ್ಲಿ ಅಗಲದ ಪ್ರಶ್ನೆ ಬರುತ್ತದೆ. ಹಳೆಯ ಮಾದರಿಯ ಸಣ್ಣ ಫ್ರೆಟ್ ಸುಮಾರು 1.98 ಮಿ.ಮೀ. ಅಗಲ, 1.09 ಮಿ.ಮೀ. ಎತ್ತರ. ಜಂಬೊ ಎನ್ನುವ ದೊಡ್ಡ ಫ್ರೆಟ್ 2.79 ಮಿ.ಮೀ. ಅಗಲ, 1.40 ಮಿ.ಮೀ. ಎತ್ತರ. ಇವೆರಡರ ನಡುವೆ, ಎತ್ತರ ಜಂಬೊದಷ್ಟೇ ಇದ್ದು ಅಗಲ 2.29 ಮಿ.ಮೀ.ಗೆ ಇಳಿದ ಕಂಬಿಯೊಂದಿದೆ. ಅದನ್ನು ಇಕ್ಕಟ್ಟಿನ ಎತ್ತರದ ಫ್ರೆಟ್ ಎನ್ನಬಹುದು. ಮೇಲಿನ ಸಪ್ತಕದಲ್ಲಿ ದಪ್ಪ ಬೆರಳಿನವರಿಗೆ ಜಂಬೊದ ಅಗಲ ಜಾಗ ತಿನ್ನುತ್ತದೆ. ಉಳಿದೆಡೆ ಅಗಲದಿಂದ ಆಗುವ ಬದಲಾವಣೆ ಮುಖ್ಯವಾಗಿ ಜಾರಿಕೆಯದು: ಅಗಲವಾದ ನೆತ್ತಿಯ ಮೇಲೆ ಬೆರಳು ಸರಾಗವಾಗಿ ಸಾಗುತ್ತದೆ, ತೆಳು ನೆತ್ತಿಯ ಮೇಲೆ ಪ್ರತಿ ಫ್ರೆಟ್ಟೂ ಎಣಿಕೆಗೆ ಸಿಗುತ್ತದೆ.

ಎತ್ತರದ ವಿಷಯ ಹಾಗಲ್ಲ. 1.09ಕ್ಕೂ 1.40ಕ್ಕೂ ಇರುವ ಅಂತರ 0.3 ಮಿ.ಮೀ. ಚಿಲ್ಲರೆ, ಅಂದರೆ ನೋಟ್‌ಬುಕ್ಕಿನ ಮೂರು ಹಾಳೆಗಳ ದಪ್ಪ. ಅಷ್ಟರಲ್ಲೇ ವಾದ್ಯ ಬೇರೆಯಾಗುತ್ತದೆ. ಕುಳ್ಳು ಫ್ರೆಟ್‌ನ ಗಿಟಾರಿನಲ್ಲಿ ತಂತಿಯೊಡನೆ ಬೆರಳ ತುದಿ ಹಲಗೆಗೂ ತಾಗುತ್ತದೆ. ತಂತಿಯನ್ನು ಪಕ್ಕಕ್ಕೆ ತಳ್ಳಿದಾಗ ಬೆರಳಿನ ಚರ್ಮ ಕಟ್ಟಿಗೆಗೆ ಉಜ್ಜುತ್ತ ಹೋಗುತ್ತದೆ. ಹಿಡಿತ ತಪ್ಪಿ ತಂತಿ ಉಗುರಿನಡಿ ಜಾರುವುದೂ ಉಂಟು. ಎತ್ತರದ ಫ್ರೆಟ್‌ನಲ್ಲಿ ಬೆರಳಿನಡಿ ಗಾಳಿ ಇರುತ್ತದೆ, ತಂತಿಯ ಕೆಳಮೈಗೂ ಬೆರಳಿನ ಹಿಡಿತ ಸಿಗುತ್ತದೆ, ಎಳೆತ ಹಗುರಾಗುತ್ತದೆ. ಅದರ ಬೆಲೆಯೂ ಇದೆ. ಒರಟಾಗಿ ಅದುಮಿದರೆ ತಂತಿ ಹಲಗೆಯ ಕಡೆಗೆ ಇಳಿದು ಸ್ವರ ಏರುತ್ತದೆ, ಸ್ವರಮೇಳದ (ಕಾರ್ಡ್) ಶ್ರುತಿ ಕೆಡುತ್ತದೆ. ವೀಣೆ ಕಲಿತವರಿಗೆ ಈ ಗುಣ ಹೊಸದೇನಲ್ಲ. ಅವರು ಗಮಕಕ್ಕೆ ದುಡಿಸಿಕೊಳ್ಳುವುದೇ ಇದನ್ನು.

ಹಲಗೆಯ ಡೊಂಕು ಇದಕ್ಕೆ ಜೊತೆಯಾಗುತ್ತದೆ. ಗಿಟಾರಿನ ಬೆರಳುಹಲಗೆ ಅಡ್ಡಲಾಗಿ ಕೊಂಚ ಉಬ್ಬಿರುತ್ತದೆ. ಹಳೆಯ ಫೆಂಡರ್‌ಗಳಲ್ಲಿ ಆ ಉಬ್ಬಿನ ತ್ರಿಜ್ಯ 7.25 ಇಂಚು (184 ಮಿ.ಮೀ.), ಈಗಿನವುಗಳಲ್ಲಿ 9.5 ಇಂಚು, ಗಿಬ್ಸನ್‌ಗಳಲ್ಲಿ 12 ಇಂಚು. ತ್ರಿಜ್ಯ ಕಿರಿದಾದಷ್ಟೂ ಉಬ್ಬು ಹೆಚ್ಚು. ತಂತಿಗಳನ್ನು ತಗ್ಗಿಸಿ ಕಟ್ಟಿದ 7.25 ಇಂಚಿನ ಹಲಗೆಯಲ್ಲಿ ಮೊದಲ ತಂತಿಯನ್ನು ಒಂದು ಸ್ವರ ಮೇಲಕ್ಕೆ ಎಳೆದರೆ, ಅದು ಉಬ್ಬಿನ ನಡುವಿಗೆ ಬಂದು ಮುಂದಿನ ಫ್ರೆಟ್ ಒಂದಕ್ಕೆ ತಗುಲಿ ದನಿ ಸತ್ತುಹೋಗುತ್ತದೆ. ಅದೇ ಉಬ್ಬು ಸ್ವರಮೇಳ ಹಿಡಿಯುವ ಕೈಗೆ ಹಿತ ಎಂಬುದನ್ನೂ ಹೇಳಬೇಕು. ಕಂಪನಿಯ ಸ್ಥಾಪಕ ಲಿಯೊ ಫೆಂಡರ್ 1950ರ ದಶಕದಲ್ಲಿ ಗಿಟಾರು ಕಟ್ಟಿದ್ದು ತಾಳಕ್ಕೆ ಸ್ವರಮೇಳ ನುಡಿಸುವ ಕಂಟ್ರಿ ವಾದಕರಿಗಾಗಿ.

ಗಿಬ್ಸನ್ ಕಂಪನಿಯ ದಾರಿ ಬೇರೆ. 1954ರ ಲೆಸ್ ಪಾಲ್ ಕಸ್ಟಮ್‌ನಲ್ಲಿ ಫ್ರೆಟ್‌ಗಳು ಎಷ್ಟು ತಗ್ಗಾಗಿ ಚಪ್ಪಟೆಯಾಗಿದ್ದವೆಂದರೆ ಅದಕ್ಕೆ ‘ಫ್ರೆಟ್‌ಲೆಸ್ ವಂಡರ್’ ಎಂದೇ ಹೆಸರು ಬಂತು. ಜಾಜ್ ನುಡಿಸುವವರಿಗೆ ಕೈ ಓಡಿಸಲು ಅದು ಅನುಕೂಲ. 1959ರ ಲೆಸ್ ಪಾಲ್ ಸ್ಟ್ಯಾಂಡರ್ಡ್ ಹೊತ್ತಿಗೆ ಅದೇ ಕಂಪನಿ ಅಗಲ ಕಂಬಿಗೆ ಬಂದಿತ್ತು, ಬ್ಲೂಸ್ ಮತ್ತು ರಾಕ್ ವಾದಕರು ಆ ವರ್ಷದ ಗಿಟಾರನ್ನು ಹುಡುಕಿ ಹಿಡಿಯಲು ಇದೂ ಒಂದು ಕಾರಣ.

ಮರುತಯಾರಿಯ ಪ್ರಶ್ನೆ

ಸಿಬಿಎಸ್ ಕಂಪನಿ 1965ರಲ್ಲಿ ಫೆಂಡರ್ ಅನ್ನು ಕೊಂಡ ಮೇಲೆ ಗುಣಮಟ್ಟ ಇಳಿಯಿತೆಂಬ ದೂರು ಬೆಳೆಯುತ್ತ ಹೋಯಿತು, ಹಳೆಯ ಗಿಟಾರುಗಳ ಬೆಲೆ ಏರಿತು. 1982ರಲ್ಲಿ ಫೆಂಡರ್ ಕಂಪನಿಯೇ ತನ್ನ ಹಳೆಯ ಮಾದರಿಗಳನ್ನು ಮತ್ತೆ ತಯಾರಿಸಲು ಹೊರಟಿತು: 1957 ಮತ್ತು 1962ರ ಸ್ಟ್ರಾಟೊಕ್ಯಾಸ್ಟರ್, 1952ರ ಟೆಲಿಕ್ಯಾಸ್ಟರ್. ಅದೇ ವರ್ಷ ಜಪಾನಿನಲ್ಲೂ ಫೆಂಡರ್ ಮರುತಯಾರಿ ಶುರುವಾಯಿತು. ರೀಇಷ್ಯೂ ಎನ್ನುವ ಇವುಗಳಲ್ಲಿ ಹಳೆಯ ಸಣ್ಣ ಫ್ರೆಟ್ಟೂ 7.25 ಇಂಚಿನ ಉಬ್ಬೂ ಮರಳಿ ಬಂದವು.

1957ರ ಮಾದರಿಗೆ ಮೇಪಲ್ ಹಲಗೆ, ಅದರ ಮೇಲೆ ಹೊಳೆಯುವ ಮೆರುಗೆಣ್ಣೆ. 1962ರ ಮಾದರಿಗೆ ರೋಸ್‌ವುಡ್, ಅಂದರೆ ನಮ್ಮ ಬೀಟೆಯ ಕುಲದ ಮರ, ಮೆರುಗಿಲ್ಲದ ಬರಿಮೈ. ಎರಡಕ್ಕೂ ಒಂದೇ ಸಣ್ಣ ಫ್ರೆಟ್ ಹಾಕಿದರೂ ಕೈಗೆ ಎರಡೂ ಒಂದೇ ಅಲ್ಲ. ಕುಳ್ಳು ಫ್ರೆಟ್‌ನಲ್ಲಿ ಬೆರಳು ಹಲಗೆಗೆ ತಾಗುವುದರಿಂದ ಬೆವರಿದ ಕೈ ಮೇಪಲ್ಲಿನ ಮೆರುಗಿಗೆ ಅಂಟುತ್ತದೆ, ಬೀಟೆಯ ಮೇಲೆ ಅಷ್ಟು ಅಂಟುವುದಿಲ್ಲ. ಎತ್ತರದ ಫ್ರೆಟ್ ಹಾಕಿಸಿದರೆ ಈ ಭೇದ ಬಹುಮಟ್ಟಿಗೆ ಮಾಯವಾಗುತ್ತದೆ. ಕಟ್ಟಿಗೆಯ ಗುಣವೆಂದು ಅಂಗಡಿಗಳಲ್ಲಿ ಹೇಳುವ ಎಷ್ಟೋ ಮಾತು ನಿಜವಾಗಿ ಫ್ರೆಟ್‌ನ ಎತ್ತರಕ್ಕೆ ಸಲ್ಲಬೇಕಾದದ್ದು.

ಮರುತಯಾರಿ ಗಿಟಾರುಗಳ ಚರ್ಚೆಯಲ್ಲಿ ತಂತಿಯನ್ನು ಮರೆಯುವುದೇ ದೊಡ್ಡ ಕೊರತೆ. 1950ರ ದಶಕದ ಗಿಟಾರುಗಳಿಗೆ ಕಟ್ಟುತ್ತಿದ್ದ ತಂತಿಗಳು ದಪ್ಪ. ಮೂರನೆಯ ತಂತಿಗೂ ಸುರುಳಿ ಸುತ್ತಿರುತ್ತಿತ್ತು. ಅಂಥ ತಂತಿಯನ್ನು ಯಾರೂ ಒಂದೂವರೆ ಸ್ವರ ಎಳೆಯಲು ಹೋಗುತ್ತಿರಲಿಲ್ಲ. ದಪ್ಪ ತಂತಿಗೆ ಸಣ್ಣ ಫ್ರೆಟ್ ಸಾಕಾಗಿತ್ತು. 1962ರಲ್ಲಿ ಎರ್ನಿ ಬಾಲ್ ಸ್ಲಿಂಕಿ ತಂತಿಗಳನ್ನು ಮಾರುಕಟ್ಟೆಗೆ ತಂದ ಮೇಲೆ 0.010 ಇಂಚಿನ ಮೊದಲ ತಂತಿ ಮಾಮೂಲಾಯಿತು, ಎಳೆತವೇ ವಾದನದ ಜೀವಾಳವಾಯಿತು. ಹೀಗಾಗಿ ಇಂದು ಅಂಗಡಿಯಲ್ಲಿ ಸಿಗುವ ಮರುತಯಾರಿ ಗಿಟಾರು 1950ರ ದಶಕದ ಫ್ರೆಟ್ ಮೇಲೆ ನಂತರದ ತಂತಿಯನ್ನು ಹೊತ್ತು ಕೂತಿರುತ್ತದೆ. ಆ ಜೋಡಿ ಮೂಲ ಗಿಟಾರಿನ ಕಾಲದಲ್ಲಿ ಇರಲೇ ಇಲ್ಲ. ‘ಹಳೆಯ ಗಿಟಾರಿನ ಅನುಭವ’ ಎಂದು ಅದನ್ನು ಮಾರುವುದು ಅರ್ಧ ಸತ್ಯ.

ವಾದಕರು ಇದನ್ನು ಮೊದಲೇ ಕಂಡುಕೊಂಡಿದ್ದರು. ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ (1954–1990) ತನ್ನ 1960ರ ದಶಕದ ಸ್ಟ್ರಾಟೊಕ್ಯಾಸ್ಟರ್‌ಗೆ ಜಂಬೊ ಫ್ರೆಟ್ ಹಾಕಿಸಿಕೊಂಡು, ದಪ್ಪ ತಂತಿ ಕಟ್ಟಿ, ಶ್ರುತಿಯನ್ನು ಅರ್ಧ ಸ್ವರ ಇಳಿಸಿ ನುಡಿಸಿದ. ಜಾನ್ ಮ್ಯಾಕ್‌ಲಾಫ್ಲಿನ್ ಇನ್ನೂ ಮುಂದೆ ಹೋದ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತ ಆತ, 1970ರ ದಶಕದ ‘ಶಕ್ತಿ’ ತಂಡಕ್ಕಾಗಿ ಮಾಡಿಸಿದ ಗಿಟಾರಿನಲ್ಲಿ ಫ್ರೆಟ್‌ಗಳ ನಡುವಿನ ಕಟ್ಟಿಗೆಯನ್ನೇ ಕೆತ್ತಿ ತಗ್ಗು ಮಾಡಿಸಿದ. ಫ್ರೆಟ್ ಎತ್ತರಿಸುವ ಬದಲು ನೆಲವನ್ನೇ ಇಳಿಸಿದ್ದರಿಂದ ವೀಣೆಯ ಟೊಳ್ಳು ಗಿಟಾರಿಗೆ ಬಂತು. ಫ್ರೆಟ್‌ನ ಎತ್ತರವನ್ನು ಅರಿಯಲು ನಮ್ಮವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಕಂಪನಿಗಳೂ ನಿಧಾನವಾಗಿ ಇಳಿದು ಬಂದವು. 2018ರ ಫೆಂಡರ್ ಅಮೆರಿಕನ್ ಒರಿಜಿನಲ್ ಮಾಲಿಕೆಯಲ್ಲಿ ಸಣ್ಣ ಅಗಲದ ಫ್ರೆಟ್ ಉಳಿದು ಎತ್ತರ ಹೆಚ್ಚಿತು, ಉಬ್ಬು 9.5 ಇಂಚಿಗೆ ಸಮತಟ್ಟಾಯಿತು. 2022ರ ಅಮೆರಿಕನ್ ವಿಂಟೇಜ್ 2 ಮಾಲಿಕೆಯಲ್ಲಿ ಉಬ್ಬು ಮತ್ತೆ 7.25ಕ್ಕೆ ಮರಳಿತು, ಎತ್ತರದ ಫ್ರೆಟ್ ಮಾತ್ರ ಉಳಿಯಿತು. ಹಳೆಯ ಕಾಲವನ್ನು ಅಕ್ಷರಶಃ ನಕಲು ಮಾಡುವವರೂ ಕೊನೆಗೆ ಎತ್ತರದಲ್ಲಿ ರಾಜಿಯಾದರು ಎಂಬುದು ಗಮನಿಸಬೇಕಾದ ಸಂಗತಿ.

ಬಿಸಿಲು ಮತ್ತು ಕಟ್ಟಿಗೆ

ಸೊಲ್ಲಾಪುರ, ಅಕ್ಕಲಕೋಟಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಕಟ್ಟಿಗೆ ಅಡ್ಡಗಲಕ್ಕೆ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಮಳೆಗಾಲದಲ್ಲಿ ಕೊಂಡ ಗಿಟಾರಿನ ಕೊರಳ ಅಂಚಿನ ಮೇಲೆ ಬೇಸಿಗೆಯಲ್ಲಿ ಕೈ ಎಳೆದರೆ ಫ್ರೆಟ್‌ನ ತುದಿಗಳು ಗರಗಸದ ಹಲ್ಲಿನಂತೆ ಅಂಗೈಗೆ ತರಚುತ್ತವೆ. ಅಗ್ಗದ ಗಿಟಾರುಗಳಲ್ಲಿ ಚೆನ್ನಾಗಿ ಒಣಗದ ಕಟ್ಟಿಗೆ ಬಳಸುವುದರಿಂದ ಇದು ಹೆಚ್ಚು. ಸಣ್ಣ ಅರದಿಂದ ಆ ತುದಿಗಳನ್ನು ಓರೆಯಾಗಿ ಉಜ್ಜಿ ದುಂಡು ಮಾಡಿಸಿದರೆ ವಾದ್ಯದ ಅನುಭವವೇ ಬದಲಾಗುತ್ತದೆ. ಫ್ರೆಟ್ ಬದಲಿಸುವ ಖರ್ಚಿಗೆ ಕೈ ಹಾಕುವ ಮೊದಲು ಇದನ್ನು ಮಾಡಿಸಬೇಕು.

ವೀಣೆಯ ಕಷ್ಟ ಇನ್ನೊಂದು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ, ಮೆತ್ತಗಾಗುವುದು ಅದಕ್ಕೂ ಬಹಳ ಮೊದಲೇ. ಬಿಸಿಲಲ್ಲಿ ನಿಂತ ಕಾರಿನೊಳಗೆ ವೀಣೆ ಬಿಟ್ಟರೆ ಮೆಟ್ಟುಗಳು ಜಾಗ ಬಿಟ್ಟು ಜರುಗುತ್ತವೆ, ಮತ್ತೆ ಹೊಸದಾಗಿ ಮೇಣ ಕಟ್ಟಿಸದೆ ಬೇರೆ ಉಪಾಯವಿಲ್ಲ. ಸಿತಾರದ ದಾರಕ್ಕೆ ಈ ಭಯ ಕಡಿಮೆ.

ಫ್ರೆಟ್‌ಗಳು ತಂತಿಯ ಉಜ್ಜುವಿಕೆಯಿಂದ ಸವೆದು ಗುಳಿ ಬೀಳುತ್ತವೆ. ನುರಿತ ಕೆಲಸಗಾರರು ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು ನೆತ್ತಿಯನ್ನು ಮತ್ತೆ ದುಂಡು ಮಾಡುತ್ತಾರೆ. ಪ್ರತಿ ಸಲವೂ ಎತ್ತರ ಒಂದಿಷ್ಟು ಹೋಗುತ್ತದೆ. ಹಾಗಾಗಿ ಹತ್ತಾರು ವರ್ಷ ನುಡಿಸಿದ ಹಳೆಯ ಗಿಟಾರಿನ ‘ಮೂಲ ಫ್ರೆಟ್’ ಕಾರ್ಖಾನೆಯಿಂದ ಹೊರಬಂದಾಗಿನ ಎತ್ತರದ್ದಾಗಿರುವುದಿಲ್ಲ. ಮರುತಯಾರಿಗೆ ಹಳೆಯ ಗಿಟಾರನ್ನು ಅಳೆದು ನಕಲು ಮಾಡುವವರು ಸವೆತವನ್ನೂ ಸೇರಿಸಿ ಅಳೆಯುವ ಅಪಾಯವಿದೆ.

ಕೊಳ್ಳುವವರು ಚೀಟಿಯ ಮೇಲಿನ ವರ್ಷ ನೋಡುವ ಮೊದಲು ವರ್ನಿಯರ್ ಕ್ಯಾಲಿಪರಿನಿಂದ ಫ್ರೆಟ್‌ನ ಅಗಲ ಅಳೆಯಬೇಕು, ಎತ್ತರ ವಿಚಾರಿಸಬೇಕು, ತಾವು ಬಳಸುವ ತಂತಿಯನ್ನೇ ಕಟ್ಟಿಸಿ ಹನ್ನೆರಡನೆಯ ಫ್ರೆಟ್‌ನಿಂದ ಮೇಲೆ ಮೊದಲ ತಂತಿಯನ್ನು ಪೂರ್ತಿ ಒಂದು ಸ್ವರ ಎಳೆದು ನೋಡಬೇಕು. ದನಿ ನಿಂತರೆ ಆ ಗಿಟಾರು ಎಳೆತದ ಕೈಗೆ ಅಲ್ಲ. ರಾಗದ ಎಳೆತ, ಗಮಕ ಬಯಸುವವರಿಗೆ ಎತ್ತರದ, ಇಕ್ಕಟ್ಟಿನ ಫ್ರೆಟ್ಟೂ ಸಮತಟ್ಟು ಹಲಗೆಯೂ ಒಪ್ಪುತ್ತವೆ. ಸ್ವರಮೇಳ ಹಿಡಿದು ಹಾಡುವವರಿಗೆ, ಭಜನೆಗೆ ಜೊತೆ ಕೊಡುವವರಿಗೆ ಸಣ್ಣ ಫ್ರೆಟ್ ಚೆನ್ನ. ಒತ್ತಡ ಹೆಚ್ಚಾದರೂ ಶ್ರುತಿ ಅಷ್ಟಾಗಿ ಕೆಡುವುದಿಲ್ಲ.

ಮನೆಯಲ್ಲಿ ಅಜ್ಜನ ಕಾಲದ ವೀಣೆಯೋ ಸಿತಾರವೋ ಇದ್ದು ಅದನ್ನು ರಿಪೇರಿಗೆ ಕಳಿಸುವವರು ಮೆಟ್ಟುಗಳ ಎತ್ತರ, ಅಂತರಗಳನ್ನು ಮೊದಲು ಬರೆದಿಟ್ಟುಕೊಳ್ಳಿ, ತೆಗೆದ ಹಳೆಯ ಮೆಟ್ಟುಗಳನ್ನು ಕೇಳಿ ಮರಳಿ ಪಡೆಯಿರಿ.